ಎರಡೂವರೆ ಬೆರಳಿನ ಗುಡುಗುಬತ್ತಿ

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಯಾವಾಗಲೂ ಕಪ್ಪಗಿರುತ್ತಿದ್ದವು. ಉಳಿದಂತೆ ಆ ಕೈ ಬೆಳ್ಳಗೆ, ನೀಲಿ ನರಗಳು ಎಣಿಸುವಂತೆ ಕಾಣುವಷ್ಟು ತೆಳ್ಳಗೆ. ಉಗುರುಗಳನ್ನು ಒಪ್ಪವಾಗಿ ಕತ್ತರಿಸಿಕೊಳ್ಳುತ್ತಿದ್ದರು, ದಿನಕ್ಕೆ ಹತ್ತು ಸಲ ಸೋಪು ಹಾಕಿ ತೊಳೆಯುತ್ತಿದ್ದರು. ಆದರೂ ಆ ಎರಡು ತುದಿಗಳ ಕಪ್ಪು ಹೋಗುತ್ತಿರಲಿಲ್ಲ. ಮೊದಲ ಸಲ ನೋಡಿದಾಗ ಈ ಮುದುಕಿ ಮಗಳ ಕಣ್ಣು ತಪ್ಪಿಸಿ ಸಿಗರೇಟು ಸೇದುತ್ತಾಳೆ ಎಂದುಕೊಂಡೆ. ನನ್ನ ಗಂಡನಿಗೆ ಹಾಗೆಂದು ಹೇಳಿಯೂ ಬಿಟ್ಟಿದ್ದೆ. ಅದು ಉರಿಯುವ ಬತ್ತಿಯನ್ನು ಚಿವುಟಿ ಆರಿಸಿ ಆರಿಸಿ ಬಂದ ಕಪ್ಪು ಎಂದು ನನಗೆ ಗೊತ್ತಾಗುವುದಕ್ಕೆ ಎರಡು ತಿಂಗಳು ಬೇಕಾಯಿತು.

ಕೌಲಾಲಂಪುರದ ಮಾಂಟ್ ಕಿಯಾರಾದಲ್ಲಿ ನಾವು ಬಾಡಿಗೆಗಿರುವ ಕಟ್ಟಡದ ಹತ್ತೊಂಬತ್ತನೇ ಮಹಡಿಯಲ್ಲಿ ನಮ್ಮ ಬಾಗಿಲಿಗೆ ಸರಿಯಾಗಿ ಎದುರು ಬಾಗಿಲು ಅವರದು. ಪೋಲೆಂಡಿನ ದಕ್ಷಿಣಕ್ಕಿರುವ ಬೆಟ್ಟದ ಹಳ್ಳಿಯವರು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳು ತಾನು ಕೆಲಸ ಮಾಡುವ ಕಡೆಗೆ ಕರೆದುಕೊಂಡು ಬಂದಿದ್ದಳು. ಆಗ ಅವರಿಗೆ ಎಪ್ಪತ್ತೆಂಟು. ಮಗಳು ಮದುವೆಯಾಗಿರಲಿಲ್ಲ, ತಿಂಗಳಲ್ಲಿ ಹತ್ತು ದಿನ ಊರೂರು ಸುತ್ತುವ ಕೆಲಸ, ಮಿಕ್ಕ ದಿನ ಪುತ್ರಜಯಾದ ಸರ್ಕಾರಿ ಕಚೇರಿಗಳಲ್ಲಿ ಮೀಟಿಂಗು. ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್. ವಾರಕ್ಕೆ ಒಂದು ದಿನ ಬಾಂಗ್ಸಾರಿನ ಆಫೀಸಿಗೆ ಮುಖ ತೋರಿಸಿ ಬಂದರೆ ಸಾಕು, ಉಳಿದದ್ದೆಲ್ಲ ಊಟದ ಮೇಜಿನ ಮೇಲೆಯೇ. ಹೀಗಾಗಿ ಹಗಲು ಹೊತ್ತಿನಲ್ಲಿ ಆ ಮಹಡಿಯಲ್ಲಿ ಉಸಿರಾಡುವವರು ಎಂದರೆ ನಾವಿಬ್ಬರೇ.

ಅವರ ಹೆಸರಿಗೆ ನನ್ನ ನಾಲಿಗೆ ಹೊರಳುತ್ತಿರಲಿಲ್ಲ. ಒಂದು ದಿನ ಅವರೇ, ನಿನ್ನ ಅಮ್ಮನ ಅಮ್ಮನನ್ನು ಏನೆಂದು ಕರೆಯುತ್ತೀ ಎಂದು ಕೇಳಿದರು. ಅಜ್ಜಿ ಎಂದೆ. ಹಾಗಾದರೆ ನಾನೂ ಅದೇ ಎಂದರು. ಅವರದು ಮುರುಕು ಇಂಗ್ಲಿಷು, ವಾಕ್ಯಕ್ಕೆ ನಾಲ್ಕೇ ಪದ. ನಡುವೆ ಕೆಳಗಿನ ತಮಿಳು ಮುಸಲ್ಮಾನರ ಮಾಮಾಕ್ ಹೋಟೆಲಿನಲ್ಲಿ ಕಲಿತ ಮಲಯ್ ಪದಗಳು ಬೇರೆ, ಊಟಕ್ಕೆ ಮಕಾನ್, ಕಟ್ಟಿಸಿಕೊಂಡು ಬರುವುದಕ್ಕೆ ತಪಾವ್. ನನ್ನದು ಮೈಸೂರಿನ ಕಾನ್ವೆಂಟ್ ಇಂಗ್ಲಿಷು. ಅಷ್ಟರಲ್ಲೇ ಇಬ್ಬರೂ ಸುಧಾರಿಸಿಕೊಂಡೆವು. ಅವರ ಮಾತನ್ನು ಇಲ್ಲಿ ನನ್ನ ಕಿವಿಗೆ ಇಳಿದ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಊರಿನಿಂದ ಅವರು ತಂದದ್ದು ಒಂದೇ ಸೂಟ್‌ಕೇಸು. ಅದರೊಳಗೆ ರಜಾಯಿಯಲ್ಲಿ ಸುತ್ತಿ ತಂದದ್ದು ಮೂರು ವಸ್ತು. ಗಾಜಿನ ಮೇಲೆ ಬರೆದ ಮೇರಿ ಮಾತೆಯ ಚಿತ್ರ, ಮರದಲ್ಲಿ ಕೆತ್ತಿದ ಪುಟ್ಟ ಕ್ರಿಸ್ತ, ಒಂದು ಗೇಣುದ್ದದ ಜೇನುಮೇಣದ ಬತ್ತಿ. ಮೂರೂ ಅವರ ಅಜ್ಜ ಅಜ್ಜಿಯ ಮನೆಯವು. ಮರದ ದಿಮ್ಮಿಗಳ ಆ ಮನೆಯಲ್ಲಿ ಸೂರಿನ ಕೆಳಗೆ ಗೋಡೆಯುದ್ದಕ್ಕೂ ಇಂಥ ಗಾಜಿನ ಚಿತ್ರಗಳ ಸಾಲೇ ಇತ್ತಂತೆ. ಚಳಿಗಾಲದಲ್ಲಿ ಹೊಲದ ಕೆಲಸ ನಿಂತಾಗ ಅಜ್ಜ ಬರೆಯುತ್ತಿದ್ದ, ಕೆತ್ತುತ್ತಿದ್ದ. ಅಜ್ಜಿ ಬಣ್ಣದ ಕಾಗದದಲ್ಲಿ ಹೂ ಮಾಡಿ ಅವುಗಳ ಮೇಲೆ ಸಿಕ್ಕಿಸುತ್ತಿದ್ದಳು. ಇಬ್ಬರೂ ಹೋದ ಮೇಲೆ ಪಟ್ಟಣದವರು ಬಂದು ಹಜಾರದ ಅಲಂಕಾರಕ್ಕೆಂದು ಒಂದೊಂದಾಗಿ ಕೊಂಡೊಯ್ದರು. ಸಾಲಿನಲ್ಲಿ ಇವರಿಗೆ ಉಳಿದದ್ದು ಒಂದು.

ಆ ಒಂದರಲ್ಲಿ ಮೇರಿ ಮಾತೆ ಹಿಮದಲ್ಲಿ ನಡೆಯುತ್ತಿದ್ದಾಳೆ. ಹಿಂದೆ ನಾಲ್ಕು ಗುಡಿಸಲು, ಕಾಲ ಬಳಿ ಒಂದು ತೋಳ, ಕೈಯಲ್ಲಿ ಉರಿಯುವ ಬತ್ತಿ. ತೋಳಗಳು ಹಳ್ಳಿಗೆ ನುಗ್ಗದ ಹಾಗೆ ಚಳಿಗಾಲವೆಲ್ಲ ಅವಳು ಹೀಗೆ ಕಾವಲು ತಿರುಗುತ್ತಾಳೆ ಎಂದು ಅಜ್ಜಿ ಹೇಳಿದರು. ನಾನು ಹತ್ತಿರ ಹೋಗಿ ನೋಡಿ, ಇದು ಗಾಜಿನ ಹಿಂಭಾಗದಲ್ಲಿ ಬರೆದದ್ದಲ್ಲವೇ ಎಂದು ಕೇಳಿದೆ. ಮೈಸೂರಿನಲ್ಲಿ ನಮ್ಮಜ್ಜಿಯ ದೇವರ ಮನೆಯಲ್ಲೂ ಅಂಥದೇ ಒಂದು ಬೆಣ್ಣೆ ಕೃಷ್ಣ ಇತ್ತು. ಇಂಥ ಚಿತ್ರವನ್ನು ಹಿಂದುಮುಂದಾಗಿ ಬರೆಯಬೇಕು. ಮೊದಲು ಕಣ್ಣು, ಹುಬ್ಬು. ಆಮೇಲೆ ಮುಖದ ಬಣ್ಣ. ಎಲ್ಲಕ್ಕಿಂತ ಕೊನೆಗೆ ಆಕಾಶ. ಒಮ್ಮೆ ತಪ್ಪಿದರೆ ತಿದ್ದುವಂತಿಲ್ಲ. ನನಗೆ ಅದು ಗೊತ್ತಿದೆ ಎಂದು ತಿಳಿದ ದಿನ ಅಜ್ಜಿ ನನ್ನ ಕೆನ್ನೆ ಹಿಂಡಿದರು.

ಮರದ ಕ್ರಿಸ್ತನ ವಿಷಯದಲ್ಲಿ ನಾನು ಅಷ್ಟು ಜಾಣೆಯಾಗಿರಲಿಲ್ಲ. ಮುಳ್ಳಿನ ಕಿರೀಟ ಹೊತ್ತು, ಕಲ್ಲಿನ ಮೇಲೆ ಕೂತು, ಬಲ ಅಂಗೈಗೆ ಕೆನ್ನೆ ಆನಿಸಿಕೊಂಡಿದ್ದಾನೆ. ನಾವು ನೋಡಿದ ಶಿಲುಬೆಯ ಕ್ರಿಸ್ತನಲ್ಲ ಇವನು. ಬಾಯಿ ತಡೆಯದೆ, ಇವನಿಗೆ ಹಲ್ಲುನೋವೇ ಎಂದು ಕೇಳಿಬಿಟ್ಟೆ. ಅಜ್ಜಿಗೆ ಸಿಟ್ಟು ಬರಲಿಲ್ಲ. ಚಿಕ್ಕಂದಿನಲ್ಲಿ ತಾನೂ ಅಜ್ಜನನ್ನು ಅದನ್ನೇ ಕೇಳಿದ್ದೆ ಎಂದರು. ನಮ್ಮನ್ನು ನೋಡುತ್ತಾ ಯೋಚನೆ ಮಾಡುತ್ತಿದ್ದಾನೆ, ಅದಕ್ಕೇ ಆ ಮುಖ ಎಂದು ಅಜ್ಜ ಹೇಳಿದ್ದನಂತೆ.

ಚಿತ್ರವನ್ನು ನೇತುಹಾಕಿ ಕೊಡುವ ಕೆಲಸ ನನ್ನ ಗಂಡನ ಪಾಲಿಗೆ ಬಂತು. ಅದು ಗೋಡೆಗೆ ಅಂಟಿ ನಿಲ್ಲಬಾರದು, ಮೇಲಿನಿಂದ ಮುಂದಕ್ಕೆ ಬಾಗಿರಬೇಕು, ಮಂಚದಲ್ಲಿ ಮಲಗಿದವರ ಮೇಲೆ ಮಾತೆಯ ಕಣ್ಣು ಬೀಳುವ ಹಾಗೆ. ಅವನು ಮೂರು ಸಲ ಏಣಿ ಹತ್ತಿ ಇಳಿದ. "ಹೀಗೆ ಬಗ್ಗಿಸಿ ಹಾಕಿದ್ರೆ ಒಂದಿನ ತಲೆ ಮೇಲೇ ಬೀಳತ್ತೆ ಲಾ" ಎಂದು ಇಲ್ಲಿಯವರ 'ಲಾ' ಸೇರಿಸಿ ನನ್ನ ಹತ್ತಿರ ಕನ್ನಡದಲ್ಲಿ ಗೊಣಗುತ್ತಲೇ ಅವರು ತೋರಿಸಿದಷ್ಟೇ ಬಾಗಿಸಿ ಹಾಕಿಕೊಟ್ಟ. ಚಿತ್ರದ ಕೆಳಗೆ ಕಪಾಟು, ಅದರ ಮೇಲೆ ಕ್ರಿಸ್ತ, ಪಕ್ಕದಲ್ಲಿ ಹಿತ್ತಾಳೆಯ ತಟ್ಟೆಯಲ್ಲಿ ಬತ್ತಿ.

ಆ ಬತ್ತಿಯ ಮೇಲೆಯೇ ಅಜ್ಜಿಯ ಜೀವವಿತ್ತು. ಚಳಿಗಾಲದ ಒಂದು ಹಬ್ಬದ ದಿನ ಚರ್ಚಿನಲ್ಲಿ ಮಂತ್ರಿಸಿಕೊಂಡು ಬರುವ ಬತ್ತಿ ಅದು. ಅಜ್ಜ ಸಾಕಿದ ಜೇನಿನ ಮೇಣ. ಅವರ ಭಾಷೆಯಲ್ಲಿ ಅದರ ಹೆಸರಿನೊಳಗೇ ಗುಡುಗು ಇದೆ ಎಂದು ಅವರು ಬಿಡಿಸಿ ಹೇಳಿದ ಮೇಲೆ ನಾನದನ್ನು ಗುಡುಗುಬತ್ತಿ ಎಂದು ಕರೆದೆ. ಅದಕ್ಕೆ ಎರಡು ಕೆಲಸ. ಗುಡುಗು ಸಿಡಿಲು ಬಂದಾಗ ಹಚ್ಚಿ ದೇವರ ಚಿತ್ರದ ಮುಂದಿಡುವುದು ಒಂದು. ಮನೆಯಲ್ಲಿ ಯಾರಾದರೂ ಸಾಯುವಾಗ ಹಚ್ಚಿ ಅವರ ಕೈಯಲ್ಲಿ ಹಿಡಿಸುವುದು ಇನ್ನೊಂದು. ದಾರಿ ಕಾಣಬೇಕಲ್ಲ ಎಂದರು. ಇವರ ಅಜ್ಜಿ ಈ ಬತ್ತಿ ಹಿಡಿದು ಹೋಗಿದ್ದಳು, ಅಜ್ಜ ಹಿಡಿದು ಹೋಗಿದ್ದ, ಗಂಡನೂ ಹಿಡಿದು ಹೋಗಿದ್ದ. ಇವರ ಅಮ್ಮ ಮಾತ್ರ ಆಸ್ಪತ್ರೆಯಲ್ಲಿ ತೀರಿಕೊಂಡಳು. ಇವರು ಆಗ ಬೇರೆ ಊರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬತ್ತಿ ಮನೆಯ ಪೆಟ್ಟಿಗೆಯಲ್ಲೇ ಉಳಿಯಿತು. ಅಮ್ಮ ಕತ್ತಲಲ್ಲಿ ಹೋದಳು ಎಂದು ಅಜ್ಜಿ ಹೇಳುತ್ತಿದ್ದರು. ಐವತ್ತು ವರ್ಷದ ಹಿಂದಿನ ಮಾತು, ನಿನ್ನೆಯದೆಂಬಂತೆ ಹೇಳುತ್ತಿದ್ದರು. ತಾನು ಹಾಗೆ ಹೋಗುವುದಿಲ್ಲ, ಅದಕ್ಕೇ ಇದನ್ನು ಇಷ್ಟು ದೂರ ಹೊತ್ತು ತಂದಿದ್ದೇನೆ ಎನ್ನುತ್ತಿದ್ದರು.

ತೊಂದರೆ ಏನೆಂದರೆ, ಅವರ ಊರಿನಲ್ಲಿ ಗುಡುಗು ಬೇಸಿಗೆಯಲ್ಲಿ ನಾಲ್ಕು ದಿನ ಬಂದು ಹೋಗುವ ನೆಂಟ. ಇಲ್ಲಿ ವರ್ಷದಲ್ಲಿ ಅರ್ಧ ದಿನಗಳು ಮಧ್ಯಾಹ್ನ ಮೂರಾಯಿತೆಂದರೆ ಆಕಾಶ ಕಪ್ಪಾಗಿ ಕಿವಿ ಕಿತ್ತುಹೋಗುವಂತೆ ಸಿಡಿಯುತ್ತದೆ. ಬಂದ ಹೊಸತರಲ್ಲಿ ಅಜ್ಜಿ ಪ್ರತಿ ಗುಡುಗಿಗೂ ಬತ್ತಿ ಹಚ್ಚಿದರು. ಒಂದು ತಿಂಗಳಲ್ಲಿ ಬತ್ತಿ ಎರಡು ಬೆರಳಗಲ ಇಳಿಯಿತು. ಆಗ ಅವರಿಗೆ ದಿಗಿಲಾಯಿತು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸತೊಡಗಿದರು. ಐದರೊಳಗೆ ಕೇಳಿದರೆ ಹಚ್ಚುವುದು, ಇಲ್ಲದಿದ್ದರೆ ಇಲ್ಲ. ಮುಂದಿನ ವರ್ಷ ಐದು ಹೋಗಿ ಮೂರಾಯಿತು. ಹಚ್ಚಿದರೂ ಒಂದು ಸಣ್ಣ ಪ್ರಾರ್ಥನೆಯಷ್ಟು ಹೊತ್ತು. ಆಮೇಲೆ ಎರಡು ಬೆರಳಿಗೆ ಎಂಜಲು ಹಚ್ಚಿಕೊಂಡು ಚಟ್ ಎಂದು ಚಿವುಟಿ ಆರಿಸುತ್ತಿದ್ದರು. ಕಟ್ಟಡದ ನೆತ್ತಿಯ ಮೇಲೆ ಸಿಡಿಲು ತಡೆಯುವ ಕಂಬಿ ಇದೆ ಎಂದು ಮಗಳು ತಲೆ ಚಚ್ಚಿಕೊಳ್ಳುತ್ತಿದ್ದಳು. ಕಂಬಿ ಇರುವುದು ಕಟ್ಟಡಕ್ಕೆ ಎಂದು ಅಜ್ಜಿ ಉತ್ತರ ಕೊಡುತ್ತಿದ್ದರು.

ಆರಿಸಿದ ಮೇಲೆ ಅಳೆಯುವುದು. ತಟ್ಟೆಯ ಮೇಲೆ ಬತ್ತಿಯ ಪಕ್ಕ ಬೆರಳುಗಳನ್ನು ಅಡ್ಡಡ್ಡ ಇಟ್ಟು ಎಷ್ಟು ಉಳಿದಿದೆ ಎಂದು ನೋಡುತ್ತಿದ್ದರು. ಎಷ್ಟು ಬೇಕಾಗಬಹುದು ಎಂಬ ಲೆಕ್ಕವೂ ಅವರಲ್ಲಿತ್ತು. ಒಂದು ದಿನ ನಗುತ್ತಾ ಹೇಳಿದ್ದರು. "ನಮ್ಮಜ್ಜಿಗೆ ಎಲ್ಲದರಲ್ಲೂ ನಿಧಾನ. ಸಾಯೋದಕ್ಕೂ ಮೂರು ಬೆರಳು ಉರಿಸಿದಳು. ಅಜ್ಜನಿಗೆ ಅವಸರ, ಅರ್ಧ ಬೆರಳಲ್ಲಿ ಮುಗಿಸಿದ. ನನಗೆ ಎರಡು ಇರಲಿ."

ಈ ನಡುವೆ ಇಲ್ಲಿಯ ತೇವಕ್ಕೆ ಗಾಜಿನ ಹಿಂದಿನ ಬಣ್ಣ ಏಳತೊಡಗಿತು. ಚಕ್ಕೆ ಚಕ್ಕೆಯಾಗಿ ಚೌಕಟ್ಟಿನೊಳಗೆ ಉದುರುತ್ತಿತ್ತು. ಎಸಿ ಹಾಕಿದರೆ ಒಂದು ಕಷ್ಟ, ಹಾಕದಿದ್ದರೆ ಇನ್ನೊಂದು. ಮೊದಲು ತೋಳದ ಬಾಲ ಹೋಯಿತು, ಆಮೇಲೆ ಮೈ. ಇಲ್ಲಿ ತೋಳಗಳಿಲ್ಲ, ಅದಕ್ಕೆ ಕೆಲಸ ಬಿಟ್ಟು ಹೋಯಿತು ಎಂದರು ಅಜ್ಜಿ. ಹೇಳಿದ್ದು ತಮಾಷೆಗೆ, ಆದರೆ ದಿನಾ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಮಾತೆಯ ಕೈಯ ಬತ್ತಿ ಸರಿಯಾಗಿದೆಯೇ ಎಂದು ನೋಡುವುದನ್ನು ಬಿಟ್ಟಿರಲಿಲ್ಲ.

ಅವರು ಬಂದ ಮೂರನೇ ವರ್ಷ ನನ್ನ ಅಮ್ಮ ಹೋದಳು. ಅಮ್ಮ ಮೈಸೂರಿನಲ್ಲಿ, ಅಣ್ಣನ ಮನೆಯಲ್ಲಿದ್ದಳು. ಜ್ವರ ಎಂದರು, ಸುಧಾರಿಸಿದೆ ಎಂದರು, ಆಮೇಲೆ ಒಂದು ಬೆಳಿಗ್ಗೆ ಅಣ್ಣ ವಿಡಿಯೊ ಕಾಲ್ ಮಾಡಿ, ಬಾಯಿಗೆ ಗಂಗಾಜಲ ಬಿಡ್ತಿದೀವಿ, ನೀನೂ ನೋಡು ಎಂದ. ಅಮ್ಮನ ಬಾಯಿ ಅರ್ಧ ತೆರೆದಿತ್ತು. ಅತ್ತಿಗೆ ಉದ್ಧರಣೆಯಲ್ಲಿ ನೀರು ತೆಗೆದುಕೊಂಡಳು. ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ನಾನು ಫೋನನ್ನು ಕಿಟಕಿಗೆ ಹಿಡಿದೆ, ಬಾಲ್ಕನಿಗೆ ಓಡಿದೆ, ಆ ಉದ್ಧರಣೆ ಗಾಳಿಯಲ್ಲೇ ನಿಂತಿತ್ತು. ಮತ್ತೆ ಸಂಪರ್ಕ ಸಿಕ್ಕಿದಾಗ ಅಣ್ಣ ಅಳುತ್ತಿದ್ದ. ಮುಂದಿನ ವಿಮಾನಕ್ಕೆ ಹೊರಟರೂ ನಾನು ಮುಟ್ಟುವುದರೊಳಗೆ ಎಲ್ಲ ಮುಗಿದಿರುತ್ತಿತ್ತು, ಮುಗಿದೂ ಇತ್ತು.

ಗಂಡ ಆಫೀಸಿನಲ್ಲಿದ್ದ. ನಾನು ಯಾಕೋ ಬಾಗಿಲು ತೆಗೆದು ಹೊರಗೆ ಬಂದು ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಿಂತುಬಿಟ್ಟಿದ್ದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಎದುರು ಬಾಗಿಲು ತೆರೆಯಿತು. ಅಜ್ಜಿ ನನ್ನ ಮುಖ ನೋಡಿ, ಯಾರು ಎಂದು ಮಾತ್ರ ಕೇಳಿದರು. ಅಮ್ಮ ಎಂದೆ. ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಆ ಮರದ ಕ್ರಿಸ್ತನ ಮುಂದೆ ಕೂರಿಸಿದರು. ಆಮೇಲೆ ಗುಡುಗುಬತ್ತಿಯನ್ನು ತಂದು ಹಚ್ಚಿದರು. ಹೊರಗೆ ಸುಡುಬಿಸಿಲು, ಗುಡುಗಿನ ಸುಳಿವಿಲ್ಲ. ನನಗೆ ಅರ್ಥವಾಯಿತು, ಬೇಡ ಎಂದೆ. ಅಮ್ಮ ಆಗಲೇ ಹೋಗಿ ಎರಡು ಗಂಟೆಯಾಯಿತು, ಇನ್ನು ಹಚ್ಚಿ ಏನು ಪ್ರಯೋಜನ ಎಂದೆ.

"ಇವತ್ತೇ ತಾನೆ ಹೋದದ್ದು" ಎಂದರು ಅಜ್ಜಿ. "ಇನ್ನೂ ದೂರ ಹೋಗಿರಲ್ಲ."

ನನ್ನ ಬೆರಳುಗಳನ್ನು ಬತ್ತಿಯ ಸುತ್ತ ಮುಚ್ಚಿ, ಅದರ ಮೇಲೆ ತಮ್ಮ ಕೈ ಇಟ್ಟರು. ಮನೆಯೆಲ್ಲ ಜೇನಿನ ವಾಸನೆ. ಗುಡುಗಿಗೆ ಕೊಡುವ ಹಾಗೆ ಒಂದು ಪ್ರಾರ್ಥನೆಯ ಹೊತ್ತಲ್ಲ, ಪೂರಾ ಒಂದು ಬೆರಳಗಲ ಉರಿಯುವವರೆಗೆ ಕಾದರು. ಆಮೇಲೆ ಚಿವುಟಿ ಆರಿಸಿದರು. ಅಂದು ಮಾತ್ರ ಅಳೆಯಲಿಲ್ಲ. ಎಷ್ಟು ಉಳಿದಿದೆ ಎಂದು ನನ್ನ ಕಣ್ಣೇ ಅಳೆದಿತ್ತು. ಮೂರು ಬೆರಳು ಉಳಿದಿತ್ತು. ನನ್ನ ಒಡಹುಟ್ಟಿದವರೂ ಅಂದು ನನಗೆ ಅಷ್ಟು ಮಾಡಲಿಲ್ಲ.

ಮುಂದಿನ ವರ್ಷ ಅಜ್ಜಿಗೆ ಉಸಿರಿನ ಕಾಯಿಲೆ ಶುರುವಾಯಿತು. ಎರಡು ಸಲ ಆಸ್ಪತ್ರೆಗೆ ಸೇರಿಸಿ ಕರೆತಂದರು. ಮೂರನೇ ಸಲ ತಾನು ಹೋಗುವುದಿಲ್ಲ ಎಂದು ಅಜ್ಜಿ ಮಂಚದ ಕಂಬಿ ಹಿಡಿದುಕೊಂಡರು. ಮಗಳು ಸೋತು ಮನೆಯಲ್ಲೇ ಆರೈಕೆಗೆ ವ್ಯವಸ್ಥೆ ಮಾಡಿದಳು. ಆ ಹೊತ್ತಿಗೆ ಬತ್ತಿ ಎರಡೂವರೆ ಬೆರಳಿತ್ತು. ಗುಡುಗು ಎಷ್ಟೇ ಹತ್ತಿರ ಬಂದರೂ ಅಜ್ಜಿ ಹಚ್ಚುವುದನ್ನು ನಿಲ್ಲಿಸಿದ್ದರು.

ಒಂದು ಮಂಗಳವಾರ ಮಗಳು ಪುತ್ರಜಯಾಕ್ಕೆ ಹೋಗಲೇಬೇಕಾಗಿತ್ತು. ಮಧ್ಯಾಹ್ನ ಅಮ್ಮನ ಹತ್ತಿರ ಇರು ಎಂದು ನನಗೆ ಹೇಳಿ ಹೋದಳು. ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ಅಲ್ಲೇ ಕೂತೆ. ಮೂರರ ಸುಮಾರಿಗೆ ಶುರುವಾಯಿತು. ಅಂಥ ಸಿಡಿಲನ್ನು ಇಷ್ಟು ವರ್ಷದಲ್ಲಿ ನಾನು ನೋಡಿರಲಿಲ್ಲ. ಎದುರು ಕಟ್ಟಡದ ಮೇಲೆಯೇ ಬಿದ್ದಂತಾಯಿತು, ಕಿಟಕಿಯ ಗಾಜು ನಡುಗಿತು. ಗೋಡೆಯ ಮೇಲಿನ ಚಿತ್ರದಿಂದ ಬಣ್ಣದ ಚಕ್ಕೆ ಉದುರಿದ ಸದ್ದು ನನಗೇ ಕೇಳಿಸಿತು. ಅಜ್ಜಿ ಎದ್ದು ಕೂರಲು ಹೆಣಗಿದರು. ಹಚ್ಚು, ಹಚ್ಚು ಎಂದು ಕೈ ತೋರಿಸಿದರು. ಹಚ್ಚಿದೆ. ಅವರ ತುಟಿ ಆಡುತ್ತಿತ್ತು. ಪ್ರಾರ್ಥನೆ ಮುಗಿಯುವುದರೊಳಗೆ ಔಷಧಿಯ ಮಂಪರು ಅವರನ್ನು ಎಳೆದುಕೊಂಡಿತು. ಇಪ್ಪತ್ತು ನಿಮಿಷದಲ್ಲಿ ಗುಡುಗೂ ದೂರ ಹೋಯಿತು.

ಬತ್ತಿ ಉರಿಯುತ್ತಿತ್ತು.

ಮರೆತೆ ಎಂದರೆ ಸುಳ್ಳಾಗುತ್ತದೆ. ಎರಡು ಸಲ ಎದ್ದು ಅದರ ಮುಂದೆ ಹೋಗಿ ನಿಂತೆ. ಕೈ ಮುಂದೆ ಹೋಗಲಿಲ್ಲ. ನಮ್ಮ ಮನೆಯಲ್ಲಿ ದೇವರ ಮುಂದೆ ಹಚ್ಚಿದ ದೀಪವನ್ನು ಯಾರೂ ಕೈಯಾರೆ ಆರಿಸುವುದಿಲ್ಲ. ಆರಿತು ಎಂಬ ಮಾತನ್ನೂ ಆಡುವಂತಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಊದಿ ಆರಿಸಿ ಬೆನ್ನಿಗೆ ಗುದ್ದು ತಿಂದಿದ್ದೆ. "ದೀಪ ಆರ್ತು ಅನ್ಬಾರ್ದು ಕಣೇ, ಶಾಂತ ಆಯ್ತು ಅನ್ನು. ಅದಾಗಿ ಅದೇ ಶಾಂತ ಆಗ್ಬೇಕು" ಎಂದು ಅಮ್ಮ ಹೇಳಿದ್ದು ಇಂದಿಗೂ ಬೆನ್ನಲ್ಲೇ ಇದೆ. ಅದರಲ್ಲೂ ಕಾಯಿಲೆ ಬಿದ್ದ ಮುತ್ತೈದೆಯೋ ಮುದುಕಿಯೋ ಮಲಗಿರುವಾಗ ಅವರ ತಲೆಯ ಹತ್ತಿರ ಉರಿಯುತ್ತಿರುವ ದೀಪವನ್ನು ಆರಿಸುವುದೇ? ಅಜ್ಜಿ ಈಗ ಏಳುತ್ತಾರೆ, ಅವರೇ ಚಿವುಟುತ್ತಾರೆ ಎಂದುಕೊಂಡು ಬಂದು ಕೂತೆ. ಅವರು ಅದನ್ನು ಎಷ್ಟು ಲೋಭದಿಂದ ಕಾಪಾಡುತ್ತಿದ್ದಾರೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಗೊತ್ತಿದ್ದೂ ಕೂತೆ. ಆಫೀಸಿನಿಂದ ಕರೆ ಬಂತು, ಆಚೆ ಕೋಣೆಗೆ ಹೋಗಿ ಮಾತಾಡಿದೆ, ಅದು ಉದ್ದವಾಯಿತು. ಅಷ್ಟು ಹೊತ್ತೂ ಬತ್ತಿಯ ಮೇಲೆ ಎಸಿಯ ಗಾಳಿ ಬೀಸುತ್ತಿತ್ತು. ತಿರುಗಿ ಬಂದಾಗ ತಟ್ಟೆಯಲ್ಲಿ ಮೇಣದ ಕೆರೆ, ನಡುವೆ ಕಪ್ಪು ಚುಕ್ಕೆ.

ಅಜ್ಜಿ ಕಣ್ಣು ಬಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು.

ಗುಡುಗು ಇನ್ನೂ ಇದೆಯಾ ಎಂದು ಕೇಳಿದರು. ಇಲ್ಲ, ಆಗಲೇ ನಿಂತಿತು ಎಂದೆ. ಮತ್ತೆ ಯಾಕೆ ಎಂದರು. ನಾನು ಹೇಳಿದೆ. ನಮ್ಮಲ್ಲಿ ದೇವರ ದೀಪವನ್ನು ಆರಿಸುವುದಿಲ್ಲ, ಅದಾಗಿ ಶಾಂತವಾಗಬೇಕು ಎಂದೆ. ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಅಸಹ್ಯವಾಯಿತು.

"ನಿಮ್ಮ ದೇವರು ಶ್ರೀಮಂತ" ಎಂದರು. "ನಮ್ಮವನ ಹತ್ತಿರ ಇದ್ದದ್ದು ಒಂದೇ ಬತ್ತಿ."

ಆಮೇಲೆ ಗೋಡೆಯ ಕಡೆಗೆ ತಿರುಗಿಕೊಂಡರು. ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಗಂಜಿ ತೆಗೆದುಕೊಂಡು ಹೋದರೆ ಮಗಳ ಕೈಯಿಂದ ಕುಡಿಯುತ್ತಿದ್ದರು, ನನ್ನ ಕೈಯಿಂದಲ್ಲ. ನನ್ನ ಗಂಡ, "ಇನ್ನೊಂದು ಕ್ಯಾಂಡಲ್ ತಂದ್ರಾಯ್ತಪ್ಪ, ಅದಕ್ಕೆ ಯಾಕೆ ಇಷ್ಟು ಅಳ್ತೀಯ?" ಎಂದ. ಅವನ ಮೇಲೆ ಕೂಗಾಡಿದೆ. ಮಗಳು ನಿಜವಾಗಿಯೂ ಇಲ್ಲಿಯ ಚರ್ಚಿಗೆ ಹೋಗಿ ಮಂತ್ರಿಸಿದ ಹೊಸ ಬತ್ತಿ ತಂದಳು. ಬೆಳ್ಳಗೆ, ನೆಟ್ಟಗೆ, ಮೊಳದುದ್ದ ಇತ್ತು. ಅಜ್ಜಿ ಅದನ್ನು ಮುಟ್ಟಿ ನೋಡಿ ಪಕ್ಕಕ್ಕಿಟ್ಟರಂತೆ. ಇದಕ್ಕೆ ನಮ್ಮ ಮನೆಯವರು ಯಾರೂ ಗೊತ್ತಿಲ್ಲ ಎಂದರಂತೆ.

ಮೂರನೇ ದಿನ ನಾನು ಮಗಳನ್ನು ಕೇಳಿ ಆ ಹಿತ್ತಾಳೆ ತಟ್ಟೆಯನ್ನು ನಮ್ಮ ಮನೆಗೆ ತಂದೆ. ಅಂಟಿದ್ದ ಮೇಣವನ್ನು ಚಮಚದಿಂದ ಕೆರೆದು ಕೆರೆದು ತೆಗೆದೆ. ಹೆಚ್ಚು ಸಿಗಲಿಲ್ಲ, ಉರಿದು ಹೋದದ್ದು ಹೋಗಿತ್ತು. ಊರಿನಿಂದ ತಂದಿದ್ದ ಹತ್ತಿಯಲ್ಲಿ ಬತ್ತಿ ಹೊಸೆದೆ. ಮಂಗಳವಾರ ಶುಕ್ರವಾರ ಅಂಗೈಗೆ ವಿಭೂತಿ ಸವರಿಕೊಂಡು ತೊಡೆಯ ಮೇಲೆ ಬತ್ತಿ ಹೊಸೆಯುತ್ತಿದ್ದ ಅಮ್ಮನ ಹಾಗೆಯೇ ಹೊಸೆದೆ. ದಪ್ಪ ಕಾಗದವನ್ನು ಕೊಳವೆಯಂತೆ ಸುತ್ತಿ, ನಡುವೆ ಬತ್ತಿ ಎಳೆದು ಹಿಡಿದು, ಕರಗಿಸಿದ ಮೇಣ ಹೊಯ್ದೆ. ಎರಡು ಸಲ ಸೋರಿತು. ಮೂರನೇ ಸಲ ನಿಂತಿತು. ಸೊಟ್ಟಗೆ, ಮಸಿ ಬೆರೆತು ಕಂದು ಬಣ್ಣಕ್ಕೆ ತಿರುಗಿದ, ಒಂದೂವರೆ ಬೆರಳಗಲದ ಒಂದು ಮೋಟು.

ಅದನ್ನು ಅಜ್ಜಿಯ ಮುಂದೆ ಹಿಡಿದೆ. ಎಲ್ಲಿಯದು ಎಂದು ಅವರು ಕೇಳಲಿಲ್ಲ. ಮೂಗಿನ ಹತ್ತಿರ ಹಿಡಿದು ಮೂಸಿದರು. ತುದಿಯ ಹತ್ತಿಯನ್ನು ಆ ಕಪ್ಪು ಬೆರಳುಗಳಿಂದ ಉಜ್ಜಿ ನೋಡಿದರು.

"ಬತ್ತಿ ದಪ್ಪ ಆಯಿತು. ಹೊಗೆ ಬರುತ್ತೆ" ಎಂದರು.

ದಿಂಬಿನ ಕೆಳಗೆ ಇಟ್ಟುಕೊಂಡರು. ಆಡಿದ್ದು ಅದೊಂದೇ ಮಾತು. ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅದಾದ ಒಂದು ವಾರಕ್ಕೆ ಉಸಿರು ತೀರಾ ಸಾಲದಾಯಿತು. ಡಾಕ್ಟರು ಮನೆಗೇ ಆಮ್ಲಜನಕದ ಯಂತ್ರ ಕಳಿಸಿದರು. ಅದು ಮಂಚದ ಪಕ್ಕದಲ್ಲಿ ಹಗಲೂ ರಾತ್ರಿ ಗುಂಯ್ಗುಡುತ್ತಿತ್ತು. ನಳಿಕೆ ಅಜ್ಜಿಯ ಮೂಗಿನಲ್ಲಿ. ತಂದ ನರ್ಸು ಹೇಳಿದ ಮೊದಲ ಮಾತೇ, ಈ ಕೋಣೆಯಲ್ಲಿ ಬೆಂಕಿ ಕಡ್ಡಿ ಗೀರಬೇಡಿ, ಹಾಸಿಗೆ ಸಮೇತ ಹತ್ತಿಕೊಳ್ಳುತ್ತದೆ. ಅಜ್ಜಿಗೆ ಇಂಗ್ಲಿಷು ಅಷ್ಟು ಬರುವುದಿಲ್ಲ ಎಂದು ನಾವು ತಿಳಿದಿದ್ದೆವು. ಆ ಮಾತು ಅವರಿಗೆ ಅರ್ಥವಾಯಿತು ಎಂದು ಅವರ ಕೈ ದಿಂಬಿನ ಕೆಳಗೆ ಹೋದದ್ದನ್ನು ನೋಡಿ ನನಗೆ ತಿಳಿಯಿತು.

ಕೊನೆಯ ದಿನ ಶನಿವಾರ. ಮಗಳು ಮನೆಯಲ್ಲೇ ಇದ್ದಳು, ನನ್ನನ್ನು ಕರೆದಳು. ಮಧ್ಯಾಹ್ನದ ಆಕಾಶ ನೀಲಿಯಾಗಿ ಶುಭ್ರವಾಗಿತ್ತು, ಅಂದು ಒಂದು ಗುಡುಗೂ ಇರಲಿಲ್ಲ. ಅಜ್ಜಿಯ ಎಡಗೈ ಆ ಮೋಟುಬತ್ತಿಯನ್ನು ಹಿಡಿದುಕೊಂಡಿತ್ತು. ಉಸಿರು ಒಂದು ಸಲ ಬಂದರೆ ಮುಂದಿನದಕ್ಕೆ ಕಾಯಬೇಕಿತ್ತು. ಅವರು ಮಗಳನ್ನು ನೋಡಿ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಮಗಳು ತಲೆ ಅಲ್ಲಾಡಿಸಿದಳು. ಮತ್ತೆ ಅದನ್ನೇ ಹೇಳಿದರು, ಬಲಗೈಯಿಂದ ಮೂಗಿನ ನಳಿಕೆಯನ್ನು ಮುಟ್ಟಿ ತೋರಿಸಿದರು. ಮಗಳು ಆ ಕೈಯನ್ನು ಹಿಡಿದು ಕೆಳಗಿಳಿಸಿ ಅದರ ಮೇಲೆ ಹಣೆಯಿಟ್ಟು ಅಳತೊಡಗಿದಳು. ಅಜ್ಜಿ ಆಮೇಲೆ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಆ ನೋಟವನ್ನು ಎದುರಿಸದಿದ್ದಕ್ಕೆ ನನ್ನನ್ನು ನಾನು ಇನ್ನೂ ಬೈದುಕೊಳ್ಳುತ್ತೇನೆ.

ಅರ್ಧ ಗಂಟೆಯ ನಂತರ ನಾವು ಮುಂದಿನ ಉಸಿರಿಗೆ ಕಾದೆವು, ಅದು ಬರಲಿಲ್ಲ.

ಮಗಳು ಯಂತ್ರದ ಗುಂಡಿ ಒತ್ತಿದಳು. ಆ ಸದ್ದು ನಿಂತಾಗ ಕೋಣೆ ದೊಡ್ಡದಾದಂತೆ ಅನಿಸಿತು. ನಳಿಕೆ ತೆಗೆದಳು, ಬಾಲ್ಕನಿಯ ಬಾಗಿಲನ್ನು ಪೂರ್ತಿ ಸರಿಸಿದಳು. ಬಂದು ಕೂತು ಹೇಳಿದಳು, ಇದನ್ನು ತೆಗೆ, ಅದನ್ನು ಹಚ್ಚು ಎಂದು ಅಮ್ಮ ಹೇಳಿದ್ದು. ನೀನಾಗಿದ್ದರೆ ತೆಗೆಯುತ್ತಿದ್ದೆಯಾ ಎಂದು ನನ್ನನ್ನು ಕೇಳಿದಳು. ಅವಳೇ ಮತ್ತೆ, ಅಮ್ಮನೂ ಕತ್ತಲಲ್ಲೇ ಹೋದಳು, ಅವಳ ಅಮ್ಮನ ಹಾಗೆ ಎಂದಳು.

"ಈಗ ತಾನೆ ಹೋದದ್ದು" ಎಂದೆ ನಾನು. "ಇನ್ನೂ ದೂರ ಹೋಗಿರಲ್ಲ."

ಅವಳು ತಲೆಯೆತ್ತಿ ನೋಡಿದಳು. ಅದು ಯಾರ ಮಾತು ಎಂದು ಅವಳಿಗೆ ಗೊತ್ತಾಯಿತೋ ಇಲ್ಲವೋ. ಸ್ವಲ್ಪ ಹೊತ್ತು ಗಾಳಿ ಆಡಲಿ ಎಂದು ಕಾದೆವು. ಆಮೇಲೆ ನಾನು ಹಚ್ಚಿದೆ. ಅಜ್ಜಿಯ ಬೆರಳುಗಳು ಇನ್ನೂ ಬೆಚ್ಚಗಿದ್ದವು. ಅವುಗಳನ್ನು ಮೋಟುಬತ್ತಿಯ ಸುತ್ತ ಮುಚ್ಚಿ ಅದರ ಮೇಲೆ ನನ್ನ ಕೈ ಇಟ್ಟೆ, ನನ್ನ ಕೈಯ ಮೇಲೆ ಮಗಳು ತನ್ನದನ್ನು ಇಟ್ಟಳು. ಅವರು ಹೇಳಿದಂತೆಯೇ ಹೊಗೆ ಬಂತು. ಕಣ್ಣು ಉರಿಯಿತು. ಹೊಗೆಯ ನಡುವೆಯೂ ಜೇನಿನ ವಾಸನೆ ಇತ್ತು. ಗೋಡೆಯ ಮೇಲೆ ಬಾಗಿ ನಿಂತ ಮಾತೆಯ ಕಣ್ಣು ಸರಿಯಾಗಿ ಮಂಚದ ಮೇಲೆಯೇ ಬೀಳುತ್ತಿತ್ತು. ಅವಳ ಸುತ್ತಲಿನ ಹಿಮ ಅಷ್ಟಿಷ್ಟು ಉದುರಿಹೋಗಿತ್ತು, ಕೈಯ ಬತ್ತಿ ಹಾಗೇ ಇತ್ತು.

ಅರ್ಧ ಉರಿಯುವವರೆಗೆ ಬಿಟ್ಟೆ. ಆಮೇಲೆ ಹೆಬ್ಬೆರಳು, ತೋರುಬೆರಳನ್ನು ನಾಲಿಗೆಗೆ ತಾಕಿಸಿ ಚಿವುಟಿದೆ. ಜನ್ಮದಲ್ಲಿ ಮೊದಲ ಸಲ ಉರಿಯುವ ದೀಪವನ್ನು ಕೈಯಾರೆ ಆರಿಸಿದೆ. ಅಭ್ಯಾಸವಿಲ್ಲದ ಕೈ, ಚುರ್ ಎಂದು ಸುಟ್ಟಿತು. ಮಗಳು ಬೆಚ್ಚಿ, ಯಾಕೆ ಆರಿಸಿದೆ, ನಿಮ್ಮಲ್ಲಿ ಆರಿಸುವುದಿಲ್ಲವಲ್ಲ ಎಂದಳು.

"ಇದು ನಿನಗೆ" ಎಂದೆ.

ಹತ್ತು ದಿನಕ್ಕೆ ಅವಳು ಕೆಲಸ ಬಿಟ್ಟು ಊರಿಗೆ ಹೊರಟಳು. ಚಿತ್ರವನ್ನು ಅದೇ ರಜಾಯಿಯಲ್ಲಿ ಸುತ್ತಿದಳು. ಕ್ರಿಸ್ತನನ್ನು ನಾನೇ ಅವಳ ಕೈಗೆ ಕೊಟ್ಟೆ. ಅವನು ಎಂದಿನಂತೆ ಕೆನ್ನೆಗೆ ಕೈಯಿಟ್ಟು ಕೂತಿದ್ದ. ಬತ್ತಿಯನ್ನು ಕರವಸ್ತ್ರದಲ್ಲಿ ಕಟ್ಟಿ ಕೈಚೀಲದಲ್ಲಿ ಇಟ್ಟುಕೊಂಡಿದ್ದಳು. ಲಿಫ್ಟಿನ ಮುಂದೆ ನಿಂತು, ಅಳೆದು ನೋಡಿದೆ, ಮುಕ್ಕಾಲು ಬೆರಳಿದೆ ಎಂದಳು. ಈ ಬತ್ತಿಯನ್ನು ಇಷ್ಟು ವರ್ಷ ಗೇಲಿ ಮಾಡಿದ್ದವಳು ಅವಳು. ಕೈಚೀಲದ ಜಿಪ್ಪು ಎಳೆದು, ಮುಕ್ಕಾಲು ನನಗೆ ಸಾಕು, ಆದರೆ ನನ್ನ ಕೈಯಲ್ಲಿ ಹಿಡಿಸುವವರು ಯಾರು ಎಂದು ಕೇಳಿದಳು.

ಕರೆ ಮಾಡು, ಬರುತ್ತೇನೆ ಎಂದೆ. ಅಮ್ಮನ ಬಾಯಿಗೆ ನೀರು ಬಿಡಲು ಮೈಸೂರಿಗೇ ಮುಟ್ಟಲಾಗದವಳು ನಾನು, ಪೋಲೆಂಡಿನ ಆ ಬೆಟ್ಟದ ಹಳ್ಳಿಗೆ ಯಾವ ಕಾಲಕ್ಕೆ ಮುಟ್ಟುತ್ತೇನೆ? ಅವಳಿಗೂ ಅದು ಗೊತ್ತಿತ್ತು. ಆದರೂ ಬರುತ್ತೇನೆ ಎಂದು ಇನ್ನೊಂದು ಸಲ ಹೇಳಿದೆ. ಅವಳು ನನ್ನ ಬಲಗೈ ಹಿಡಿದು, ಮಗುಚಿ, ಬೆರಳುಗಳನ್ನು ನೋಡಿದಳು. ಹೆಬ್ಬೆರಳು, ತೋರುಬೆರಳಿನ ತುದಿಯಲ್ಲಿ ಸುಟ್ಟ ಕಲೆ ಇನ್ನೂ ಕಪ್ಪಗೇ ಇತ್ತು.